ಎಲ್ಲಾ ಹಳೇ ಹಾಲಿವುಡ್ ಸಿನಿಮಾದಲ್ಲೂ ಬರುವ ಈ ದಪ್ಪ ಮನುಷ್ಯ ಯಾರು?

ಭಾನುವಾರದ ಮ್ಯಾಟಿನಿ:

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ಎಪ್ಪತ್ತು, ಎಂಬತ್ತರ ದಶಕದ ಹಾಲಿವುಡ್ ಸಿನಿಮಾ ನೋಡುವ ಹುಚ್ಚು ಹಿಡಿದಿದೆ. ಎಲ್ಲಿ ಹೋದರೂ ಒಬ್ಬ ನಟ ಬೆನ್ನು ಬಿಡುತ್ತಿಲ್ಲ. ‘ಬ್ಲೇಡ್ ರನ್ನರ್’ ನೋಡಿದೆ, ಹ್ಯಾರಿಸನ್ ಫೋರ್ಡ್‌ನನ್ನು ಕರೆಸಿ ಕೆಲಸ ಗಂಟು ಹಾಕುವ ಪೊಲೀಸ್ ಕ್ಯಾಪ್ಟನ್ ಇವನೇ. ನಗೋಣ ಅಂತ ‘ದಿ ಜರ್ಕ್’ ಹಾಕಿದೆ, ಫೋನ್ ಡೈರೆಕ್ಟರಿಯಿಂದ ಸುಮ್ನೆ ಒಂದು ಹೆಸರು ಆರಿಸಿ ಬಂದೂಕು ಹಿಡಿದು ಹೊರಡುವ ಹುಚ್ಚ ಇವನೇ. ‘ಆರ್ಡಿನರಿ ಪೀಪಲ್’ನಲ್ಲಿ ಈಜು ಕೋಚ್. ಕೊನೆಗೆ ಮೊನ್ನೆ ಮೊನ್ನೆ ಬಂದ ‘ನೈವ್ಸ್ ಔಟ್’ನಲ್ಲೂ ಹಣ್ಣು ಮುದುಕನಾಗಿ ಕೂತಿದ್ದಾನೆ!

ದಪ್ಪ ಮೈ, ತೆಳ್ಳಗಾದ ಕೂದಲು, ಗೊಗ್ಗರು ನಗು. ಬರುತ್ತಾನೆ, ಎರಡು ನಿಮಿಷ ಇರುತ್ತಾನೆ, ಹೋಗುತ್ತಾನೆ. ಅಷ್ಟು ಹೊತ್ತೂ ಹೀರೋ ಕಡೆ ಕಣ್ಣೇ ಹೋಗುವುದಿಲ್ಲ.

ಗೊತ್ತಿದ್ದವರು ಹೆಸರು ಹೇಳಿ ಪುಣ್ಯ ಕಟ್ಟಿಕೊಳ್ಳಿ. ಜೊತೆಗೆ ಇನ್ನೆರಡು ಪ್ರಶ್ನೆ. ಇಷ್ಟು ಚೆನ್ನಾಗಿ ಮಾಡುವವರಿಗೆ ದೊಡ್ಡ ಪಾತ್ರ ಯಾಕೆ ಸಿಗಲಿಲ್ಲ? ಇವರನ್ನು ಸರಿಯಾಗಿ ನೋಡಬೇಕು ಅಂದ್ರೆ ಯಾವ ಸಿನಿಮಾದಿಂದ ಶುರು ಮಾಡಬೇಕು?

ಕಡೇಬೆಂಚು:

ಎಂ. ಎಮೆಟ್ ವಾಲ್ಶ್. ಸಿನಿಮಾ, ಟಿವಿ ಎಲ್ಲ ಸೇರಿ 200ಕ್ಕೂ ಜಾಸ್ತಿ ಕಡೆ ಬಂದು ಹೋಗಿದ್ದಾರೆ. ಹಾಗಾಗಿ ಬೆನ್ನು ಬಿಡುವುದಿಲ್ಲ, ತಯಾರಾಗಿರಿ.

ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಇವರ ಹೆಸರಲ್ಲಿ ಒಂದು ನಿಯಮವನ್ನೇ ಮಾಡಿದ್ದರು. ಹ್ಯಾರಿ ಡೀನ್ ಸ್ಟಾಂಟನ್ ಅಥವಾ ಎಂ. ಎಮೆಟ್ ವಾಲ್ಶ್ ಪೋಷಕ ಪಾತ್ರದಲ್ಲಿದ್ದರೆ ಆ ಸಿನಿಮಾ ಪೂರ್ತಿ ಕೆಟ್ಟದಾಗಿರುವುದು ಸಾಧ್ಯವೇ ಇಲ್ಲ ಅಂತ. ಆಮೇಲೆ ಒಂದೆರಡು ಸಿನಿಮಾ ಈ ನಿಯಮ ಮುರಿದವು ಅಂತ ಅವರೇ ಒಪ್ಪಿಕೊಂಡರು, ಅದು ಬೇರೆ ಮಾತು.

ಉಳಿದದ್ದನ್ನು ಬಲಗಿವಿ ಅವರು ಬಂದು ಬರೆಯುತ್ತಾರೆ. ವಾಲ್ಶ್ ಹೆಸರು ಬಂದರೆ ಅವರನ್ನು ಹಿಡಿಯೋರಿಲ್ಲ.

ಬಲಗಿವಿ:

ಬಂದೆ ಬಂದೆ.

ಮೊದಲು ಹಿನ್ನೆಲೆ. ಹುಟ್ಟಿದ್ದು 1935ರ ಮಾರ್ಚ್ 22ರಂದು, ನ್ಯೂಯಾರ್ಕ್ ರಾಜ್ಯದ ಆಗ್ಡೆನ್ಸ್‌ಬರ್ಗ್‌ನಲ್ಲಿ. ಸೇಂಟ್ ಲಾರೆನ್ಸ್ ನದಿಯ ದಡದ ಊರು, ಆಚೆ ದಡ ಅಂದ್ರೆ ಕೆನಡಾ. ಬೆಳೆದದ್ದು ವರ್ಮಾಂಟ್‌ನ ಸ್ವಾಂಟನ್‌ನಲ್ಲಿ, ಅದೂ ಗಡಿ ಹತ್ತಿರದ ಸಣ್ಣ ಊರು. ಅಪ್ಪ ಕಸ್ಟಮ್ಸ್‌ನಲ್ಲಿದ್ದರು. ಮಗ ಕ್ಲಾರ್ಕ್‌ಸನ್ ಕಾಲೇಜಿನಲ್ಲಿ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಓದಿ 1958ರಲ್ಲಿ ಡಿಗ್ರಿ ಮುಗಿಸಿದರು. ಎಲ್ಲೋ ಒಂದು ಆಫೀಸಲ್ಲಿ ಕೂತು ಲೆಕ್ಕ ನೋಡಬೇಕಿದ್ದ ಮನುಷ್ಯ ನ್ಯೂಯಾರ್ಕ್ ನಗರಕ್ಕೆ ಹೋಗಿ ನಾಟಕ ಶಾಲೆ ಸೇರಿಕೊಂಡರು. ಸಿನಿಮಾದಲ್ಲಿ ಮುಖ ಕಾಣಿಸಿದ್ದು 1969ರಲ್ಲಿ. ಆಗ ವಯಸ್ಸು 34. ‘ಮಿಡ್‌ನೈಟ್ ಕೌಬಾಯ್’ನಲ್ಲಿ ಬಸ್ಸಿನ ಒಬ್ಬ ಪ್ರಯಾಣಿಕ, ಟೈಟಲ್ ಕಾರ್ಡಲ್ಲಿ ಹೆಸರೂ ಇಲ್ಲ.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಹೀರೋ ಆಗುವ ವಯಸ್ಸು ಕಳೆದ ಮೇಲೆ ಬಂದವರು. ಮುಖ ನೋಡಿದರೆ ಸರ್ಕಾರಿ ನೌಕರ, ಪೊಲೀಸು, ಸಣ್ಣ ಊರಿನ ವ್ಯಾಪಾರಿ. ಹಾಲಿವುಡ್‌ಗೆ ವರ್ಷಕ್ಕೆ ಎಷ್ಟು ಹೀರೋ ಬೇಕು ಹೇಳಿ. ಅದೇ ಶೆರಿಫ್, ಕೋಚ್, ಡಾಕ್ಟರ್, ಮಾವ ಇವರೆಲ್ಲ ಪ್ರತಿ ಸಿನಿಮಾಗೂ ಬೇಕು. ಒಂದು ಸಿನಿಮಾದಲ್ಲಿ ಕೆಲವೇ ದಿನದ ಕೆಲಸ, ಮುಗಿಸಿ ಇನ್ನೊಂದಕ್ಕೆ. ಹೀರೋಗಳ ಮಾರ್ಕೆಟ್ಟು ಏರುತ್ತದೆ, ಬೀಳುತ್ತದೆ. ಈ ಮನುಷ್ಯನಿಗೆ ಐವತ್ತಕ್ಕೂ ಹೆಚ್ಚು ವರ್ಷ ಕೆಲಸ ಸಿಗುತ್ತಲೇ ಇತ್ತು. ಯಾಕೆ ಪಾಪ ಅನ್ನಬೇಕು?

ಈಗ ನನ್ನ ಮಾತಿಗೆ ಬರುತ್ತೇನೆ. ನನ್ನ ಹೆಸರು ನೋಡಿ, ಬಲಗಿವಿ. ಚಿಕ್ಕಂದಿನಲ್ಲೇ ನನ್ನ ಎಡಗಿವಿ ಹೋಯಿತು. ವಾಲ್ಶ್ ಕಥೆಯೂ ಅದೇ. ಮೂರನೇ ವಯಸ್ಸಿಗೆ ಕಿವಿ ಹಿಂದಿನ ಮೂಳೆಗೆ ಆಪರೇಷನ್ ಆಗಿ ಎಡಗಿವಿ ಪೂರ್ತಿ ಕೇಳಿಸದಂತಾಯಿತು. ಇದು ಗೊತ್ತಾದ ಮೇಲೆ ಅವರ ಸಿನಿಮಾಗಳನ್ನು ನಾನು ನೋಡುವ ರೀತಿಯೇ ಬದಲಾಯಿತು.

ಒಂದೇ ಕಿವಿ ಇರುವವರ ಕಷ್ಟ ಏನು ಗೊತ್ತಾ? ಕಡಿಮೆ ಕೇಳಿಸುತ್ತದೆ ಅನ್ನುವುದು ಆಮೇಲಿನ ಮಾತು. ಶಬ್ದ ಯಾವ ಕಡೆಯಿಂದ ಬಂತು ಅಂತಲೇ ತಿಳಿಯುವುದಿಲ್ಲ. ಯಾರೋ ಕರೆದರೆ ಕೋಣೆ ತುಂಬ ಕಣ್ಣಾಡಿಸಬೇಕು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಮುಗಿಯಿತು, ಎಲ್ಲ ಕಲಸಿ ಹೋಗುತ್ತದೆ. ಅದಕ್ಕೇ ನಾವು ಮೂಲೆಯ ಕುರ್ಚಿ ಹುಡುಕುತ್ತೇವೆ, ಎದುರಿನವರ ಮುಖವನ್ನು ಬಿಟ್ಟೂ ಬಿಡದೆ ನೋಡುತ್ತೇವೆ. ತುಟಿ, ಕಣ್ಣು, ಹುಬ್ಬು ಎಲ್ಲ. ಅರ್ಧ ಮಾತು ಕಿವಿಗೆ ಬೀಳುತ್ತದೆ, ಉಳಿದರ್ಧ ಮುಖದಲ್ಲಿ ಸಿಗುತ್ತದೆ. ಎಷ್ಟೋ ಜನ ನನ್ನನ್ನು ‘ಯಾಕ್ರೀ ಹಾಗೆ ಗುರಾಯಿಸ್ತೀರಾ’ ಅಂತ ಕೇಳಿದ್ದಾರೆ.

ವಾಲ್ಶ್ ಅವರನ್ನು ಈ ಕಣ್ಣಲ್ಲಿ ನೋಡಿ. 1978ರ ‘ಸ್ಟ್ರೈಟ್ ಟೈಮ್’ ತಗೊಳ್ಳಿ. ಡಸ್ಟಿನ್ ಹಾಫ್‌ಮನ್ ಜೈಲಿಂದ ಬಿಡುಗಡೆಯಾಗಿ ಬಂದ ಕಳ್ಳ. ವಾಲ್ಶ್ ಅವನ ಪೆರೋಲ್ ಅಧಿಕಾರಿ, ಹೆಸರು ಅರ್ಲ್ ಫ್ರಾಂಕ್. ಒಂದು ದಿನ ಹೇಳದೆ ಕೇಳದೆ ಅವನ ರೂಮಿಗೆ ಬರುತ್ತಾನೆ. ಬೈಯುವುದಿಲ್ಲ, ಕೂಗುವುದಿಲ್ಲ. ಹಳೇ ಪರಿಚಯದವನ ಹಾಗೆ ಅದೂ ಇದೂ ಮಾತು. ಮಾತಾಡುತ್ತಲೇ ರೂಮಲ್ಲಿ ಕಣ್ಣಾಡಿಸುತ್ತಾನೆ. ಸುಟ್ಟ ಬೆಂಕಿಕಡ್ಡಿ ಸಿಗುತ್ತದೆ. ಗೆಳೆಯನೊಬ್ಬ ಬಂದು ಅಲ್ಲಿ ಡ್ರಗ್ಸ್ ತಗೊಂಡು ಹೋಗಿರುತ್ತಾನೆ, ಅದರ ಗುರುತು. ಫ್ರಾಂಕ್ ಮುಖದ ನಗು ಅಷ್ಟಕ್ಕೆ ಮಾಯವಾಗುತ್ತದೆ ಅಂದುಕೊಂಡರೆ, ಇಲ್ಲ. ಅದೇ ಸ್ನೇಹದ ದನಿಯಲ್ಲಿ ಅವನನ್ನು ಮತ್ತೆ ಒಳಗೆ ಹಾಕಿಸುತ್ತಾನೆ. ಹಾಫ್‌ಮನ್ ಮುಖದಲ್ಲಿ ಏನೇನು ಓಡುತ್ತಿದೆ ಅನ್ನುವುದೆಲ್ಲ ಅವನಿಗೆ ಬೇಕು, ಒಂದನ್ನೂ ಬಿಡುವುದಿಲ್ಲ. ನನಗೆ ಮೈ ಜುಂ ಅಂದಿದ್ದು ಅದಕ್ಕೆ. ಮುಂದೆ ಹಾಫ್‌ಮನ್ ಅವನ ಸೇಡು ಹೇಗೆ ತೀರಿಸಿಕೊಳ್ಳುತ್ತಾನೆ ಅನ್ನುವುದನ್ನು ಹೇಳುವುದಿಲ್ಲ. ಹೈವೇ, ಬೇಲಿ, ಬೇಡಿ, ಪ್ಯಾಂಟು. ಇಷ್ಟು ಸಾಕು.

ಅಂದ ಹಾಗೆ ಅದೇ ಸಿನಿಮಾದಲ್ಲಿ ಹ್ಯಾರಿ ಡೀನ್ ಸ್ಟಾಂಟನ್ ಕೂಡ ಇದ್ದಾರೆ. ಈಬರ್ಟ್ ನಿಯಮಕ್ಕೆ ಡಬಲ್ ಗ್ಯಾರಂಟಿ.

ಈ ಸಿನಿಮಾ ನೋಡಿದ ಇಬ್ಬರು ಹುಡುಗರು ವಾಲ್ಶ್‌ಗೋಸ್ಕರವೇ ಒಂದು ಪಾತ್ರ ಬರೆದರು. ಜೋಯಲ್ ಕೋಯನ್, ಈಥನ್ ಕೋಯನ್. ಅದು ಅವರ ಮೊದಲ ಸಿನಿಮಾ, ‘ಬ್ಲಡ್ ಸಿಂಪಲ್’. ಅಲ್ಲಿಂದಲೇ ನೀವು ಶುರು ಮಾಡಿ. ದೊಡ್ಡ ಪಾತ್ರ ಸಿಗಲಿಲ್ಲ ಅಂದಿರಲ್ಲ, ಅಲ್ಲಿ ಸಿಕ್ಕಿದೆ. ಲೋರೆನ್ ವಿಸರ್ ಅನ್ನುವ ಟೆಕ್ಸಸ್‌ನ ಖಾಸಗಿ ಪತ್ತೇದಾರ. ಮಾಸಿದ ಹಳದಿ ಸೂಟು, ಕೌಬಾಯ್ ಹ್ಯಾಟು, ಓಡಾಡಲು ಒಂದು ಫೋಕ್ಸ್‌ವ್ಯಾಗನ್ ಬೀಟಲ್. ಮುಖದ ಮೇಲೆ ನೊಣ ಹರಿದಾಡಿದರೂ ಓಡಿಸುವುದಿಲ್ಲ. ಸಿನಿಮಾ ಶುರುವಾಗುವುದೇ ಅವರ ದನಿಯಿಂದ. ಖಾಲಿ ಟೆಕ್ಸಸ್ ಬಯಲು, ಹಿನ್ನೆಲೆಯಲ್ಲಿ ಈ ಮನುಷ್ಯ ಆರಾಮಾಗಿ ಲೋಕದ ವಿಚಾರ ಹೇಳುತ್ತಿರುತ್ತಾನೆ. ರಷ್ಯಾದಲ್ಲಿ ಎಲ್ಲರೂ ಎಲ್ಲರಿಗೂ ಆಗುತ್ತಾರಂತೆ, ಟೆಕ್ಸಸ್‌ನಲ್ಲಿ ಮಾತ್ರ ನಿನಗೆ ನೀನೇ ಗತಿ, ಅನ್ನುವ ಅರ್ಥದಲ್ಲಿ.

ಚಿತ್ರೀಕರಣದ ಒಂದು ಕಥೆ ಕೋಯನ್ ಅಭಿಮಾನಿಗಳಿಗೆಲ್ಲ ಗೊತ್ತು. ಜೋಯಲ್ ಏನೋ ಒಂದು ಹಾಗೆ ಮಾಡಿ ಹೀಗೆ ಮಾಡಿ ಅಂತ ಕೇಳಿದರಂತೆ. ವಾಲ್ಶ್ ಗೊಣಗಿದರು. ‘ನನ್ನ ಖುಷಿಗೆ ಅಂತ ಒಂದ್ಸಲ ಮಾಡಿಬಿಡಿ’ ಅಂದರು ಜೋಯಲ್. ‘ಈ ಹಾಳು ಸಿನಿಮಾ ಪೂರ್ತಿ ನಿನ್ನ ಖುಷಿಗೇ ತಾನೇ ಮಾಡ್ತಿರೋದು’ ಅಂದರಂತೆ ವಾಲ್ಶ್!

ಆ ಪಾತ್ರಕ್ಕೆ 1986ರಲ್ಲಿ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿ ಬಂತು. ಆ ಪ್ರಶಸ್ತಿಗಳು ಶುರುವಾದ ವರ್ಷವೇ, ಅದೂ ನಾಯಕ ನಟ ವಿಭಾಗದಲ್ಲಿ. ಆಸ್ಕರ್‌ಗೆ ಮಾತ್ರ ಯಾವತ್ತೂ ನಾಮಿನೇಟ್ ಮಾಡಲಿಲ್ಲ.

ಟೇಪ್ ರೆಕಾರ್ಡರ್:

ಗುರುಗಳೇ, ಕಿವಿ ವಿಷಯ ಸ್ವಲ್ಪ ಜಾಸ್ತಿ ಎಳೆದ ಹಾಗಾಯ್ತು. ಎದುರಿನವರ ಮುಖ ನೋಡುವುದು ಎಲ್ಲ ಒಳ್ಳೆ ನಟರೂ ಮಾಡುವ ಕೆಲಸ. ಅದಕ್ಕೆ ಎಡಗಿವಿ ಹೋಗಬೇಕಾಗಿಲ್ಲ.

ಅಲ್ಲದೆ ‘ರೈಸಿಂಗ್ ಅರಿಜೋನಾ’ ನೆನಪಿಸಿಕೊಳ್ಳಿ. 1987, ಮತ್ತೆ ಕೋಯನ್ ಸಹೋದರರೇ. ಫ್ಯಾಕ್ಟರಿಯಲ್ಲಿ ನಿಕೋಲಸ್ ಕೇಜ್ ಮಷಿನ್ ಮುಂದೆ ನಿಂತು ಕೆಲಸ ಮಾಡುತ್ತಿರುತ್ತಾನೆ. ಪಕ್ಕದಲ್ಲಿ ವಾಲ್ಶ್, ನಾನ್‌ಸ್ಟಾಪ್ ಕೊರೆತ. ರಸ್ತೆಯಲ್ಲಿ ಆಕ್ಸಿಡೆಂಟು, ನಡುವೆ ಬಿದ್ದಿದ್ದ ದುಂಡಗಿನ ಒಂದು ವಸ್ತು, ಆ ಬಿಲ್ ಅಲ್ಲ ಇನ್ನೊಬ್ಬ ಬಿಲ್ ಅಂತ ಎಲ್ಲೆಲ್ಲಿಗೋ ಹೋಗುತ್ತದೆ ಕಥೆ. ಕೇಳುವವನಿಗೆ ಆಸಕ್ತಿ ಇದೆಯಾ ಇಲ್ವಾ ಅನ್ನುವ ಖಬರೇ ಇಲ್ಲ. ಅಲ್ಲಿ ಕೇಳುತ್ತಿರುವವನು ಕೇಜ್, ವಾಲ್ಶ್ ಅಲ್ಲ. ನಿಮ್ಮ ಥಿಯರಿ ಅಲ್ಲಿ ನಿಲ್ಲುವುದಿಲ್ಲ.

ನನ್ನ ಪ್ರಕಾರ ಅವರ ಗುಟ್ಟು ಇಷ್ಟೇ: ತಾನು ಕೆಟ್ಟವನು ಅಂತ ಆ ಪಾತ್ರಕ್ಕೆ ಗೊತ್ತೇ ಇರುವುದಿಲ್ಲ. ವಿಸರ್ ಬಗ್ಗೆ ವಾಲ್ಶ್ ಅವರೇ ಆ ಧಾಟಿಯಲ್ಲಿ ಹೇಳಿದ್ದುಂಟು. ಅವನು ತನ್ನನ್ನು ದೊಡ್ಡ ದುಷ್ಟ ಅಂದುಕೊಂಡಿಲ್ಲ, ನಾಲ್ಕು ಕಾಸು ಜಾಸ್ತಿ ಮಾಡಿಕೊಳ್ಳಲು ನೋಡುತ್ತಿರುವ ಸಾಮಾನ್ಯ ಮನುಷ್ಯ, ಅಂತ. ‘ಬ್ಲೇಡ್ ರನ್ನರ್’ನ ಬ್ರಯಂಟ್‌ನೂ ಅಷ್ಟೇ. ಕೊಲ್ಲಿಸುವ ಕೆಲಸಕ್ಕೆ ಆಳು ಹಚ್ಚುತ್ತಿದ್ದಾನೆ, ಆದರೆ ವಿಸ್ಕಿ ಸುರಿಯುತ್ತಾ ಆಫೀಸಿನ ಮಾಮೂಲಿ ಫೈಲು ವಿಲೇವಾರಿ ಮಾಡುವವನ ಹಾಗೆ ಮಾತಾಡುತ್ತಾನೆ.

ಬಲಗಿವಿ:

ನೀವು ಹೇಳಿದ್ದು ಸರಿ, ಟೇಪ್ ರೆಕಾರ್ಡರ್. ಕೆಟ್ಟವನು ತನಗೆ ತಾನೇ ಕೆಟ್ಟವನಲ್ಲ ಅನ್ನುವ ಮಾತನ್ನು ಒಪ್ಪುತ್ತೇನೆ. ಆದರೆ ‘ರೈಸಿಂಗ್ ಅರಿಜೋನಾ’ ಉದಾಹರಣೆ ನನ್ನ ಕಡೆಯೇ ಬರುತ್ತದೆ ನೋಡಿ. ಎದುರಿನವನು ಏನು ಯೋಚಿಸುತ್ತಿದ್ದಾನೆ ಅನ್ನುವುದನ್ನು ಗಮನಿಸದ ಮನುಷ್ಯ ಹೇಗಿರುತ್ತಾನೆ ಅಂತ ತೋರಿಸಲು, ಗಮನಿಸುವುದು ಏನು ಅಂತ ಚೆನ್ನಾಗಿ ಗೊತ್ತಿರಬೇಕು. ಗದ್ದಲದ ಜಾಗದಲ್ಲಿ ಬಾಯಿ ಮುಚ್ಚದೆ ಮಾತಾಡುವವರು ನಮ್ಮಂಥವರಿಗೆ ಸಿಕ್ಕಷ್ಟು ಇನ್ಯಾರಿಗೂ ಸಿಕ್ಕಿರುವುದಿಲ್ಲ. ಮಾತು ಅರ್ಥವಾಗದಿದ್ದರೂ ತಲೆ ಆಡಿಸುತ್ತಾ ಇರುತ್ತೇವಲ್ಲ, ಒಳ್ಳೆ ಕೇಳುಗರು ಅಂತ ಅವರು ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.

‘ಕ್ಲೀನ್ ಅಂಡ್ ಸೋಬರ್’ ನೋಡಿದ್ದೀರಾ? 1988. ಮೈಕೆಲ್ ಕೀಟನ್ ಮಾದಕ ವಸ್ತುವಿನ ಚಟಕ್ಕೆ ಬಿದ್ದ ಮನುಷ್ಯ. ವಾಲ್ಶ್ ಅದೇ ದಾರಿಯಲ್ಲಿ ಮುಂಚೆ ಬಿದ್ದು ಎದ್ದು ಬಂದ ಹಿರಿಯ, ಕೀಟನ್‌ಗೆ ಜೊತೆಗಾರನಾಗಿ ನಿಲ್ಲುತ್ತಾನೆ. ಕೀಟನ್ ಬಾಯಿಗೆ ಬಂದ ಸುಳ್ಳು ಹೇಳುತ್ತಾನೆ. ವಾಲ್ಶ್ ಸುಮ್ನೆ ಕೇಳಿಸಿಕೊಳ್ಳುತ್ತಾರೆ. ಸುಳ್ಳು ಅಂತ ಗೊತ್ತು, ಗೊತ್ತಿದೆ ಅಂತ ತೋರಿಸಿಕೊಳ್ಳಲು ಅವಸರ ಇಲ್ಲ. ‘ಸ್ಟ್ರೈಟ್ ಟೈಮ್’ನಲ್ಲಿ ನೋಡಿದ ಅದೇ ಮುಖ, ಅದೇ ನೋಟ. ಅಲ್ಲಿ ಹೆದರಿಕೆ ಹುಟ್ಟಿಸಿದ್ದು ಇಲ್ಲಿ ಧೈರ್ಯ ಕೊಡುತ್ತದೆ. ಕೇಡಿ ಪಾತ್ರ ಮಾಡಿದವರು ಅಂತಲೇ ಎಲ್ಲರೂ ನೆನೆಸಿಕೊಳ್ಳುತ್ತಾರೆ, ಈ ಸಿನಿಮಾವನ್ನು ಯಾರೂ ಎತ್ತುವುದಿಲ್ಲ. ನನಗೆ ಅದೊಂದು ಬೇಜಾರು.

ಸಿಗ್ನಲ್ ಇಲ್ಲ:

ಟಿವಿಯನ್ನು ಎಲ್ಲರೂ ಮರೆತೇಬಿಟ್ಟಿರಿ. ನನಗೆ ವಾಲ್ಶ್ ಅಂದ್ರೆ ‘ಎಕ್ಸ್ ಫೈಲ್ಸ್’.

ಅದರಲ್ಲಿ ಆರ್ಥರ್ ಡೇಲ್ಸ್ ಅನ್ನುವ ರಿಟೈರ್ಡ್ ಎಫ್‌ಬಿಐ ಏಜೆಂಟ್ ಬರುತ್ತಾನೆ. ಆ ಪಾತ್ರ ಡ್ಯಾರನ್ ಮೆಕ್‌ಗ್ಯಾವಿನ್ ಮಾಡುತ್ತಿದ್ದರು. 1999ರಲ್ಲಿ ‘ದಿ ಅನ್‌ನ್ಯಾಚುರಲ್’ ಅನ್ನುವ ಬೇಸ್‌ಬಾಲ್ ಕಥೆಯ ಸಂಚಿಕೆ ಮಾಡಲು ಹೊರಟಾಗ ಮೆಕ್‌ಗ್ಯಾವಿನ್‌ಗೆ ಆರೋಗ್ಯ ಕೆಟ್ಟಿತು. ಆ ಸಂಚಿಕೆ ಬರೆದು ನಿರ್ದೇಶಿಸುತ್ತಿದ್ದವರು ಡೇವಿಡ್ ಡುಕೊವ್ನಿ. ವಾಲ್ಶ್ ಅವರನ್ನು ಕರೆಸಿದರು. ಆದರೆ ಮುಖ ಬೇರೆ ಆಯ್ತಲ್ಲ, ಏನು ಮಾಡುವುದು? ಇವನು ಆ ಆರ್ಥರ್ ಡೇಲ್ಸ್‌ನ ತಮ್ಮ, ಇವನ ಹೆಸರೂ ಆರ್ಥರ್ ಡೇಲ್ಸ್ ಅಂತ ಮಾಡಿಬಿಟ್ಟರು! ಅಕ್ಕತಂಗಿಗೂ ಅದೇ ಹೆಸರು, ಸಾಕಿದ ಮೀನಿಗೂ ಅದೇ ಹೆಸರು ಅಂತ ಒಂದು ಡೈಲಾಗ್. ಬೇರೆ ಯಾರೇ ಹೇಳಿದ್ದರೂ ಇದು ತೇಪೆ ಅಂತ ಎದ್ದು ಕಾಣುತ್ತಿತ್ತು. ವಾಲ್ಶ್ ಒಂಚೂರೂ ಅಳುಕಿಲ್ಲದೆ, ನಮ್ಮ ಮನೇಲಿ ಹೀಗೇನಪ್ಪ ಅನ್ನುವ ಹಾಗೆ ಹೇಳಿ ಮುಗಿಸಿದರು. ಟಿವಿ ಮುಂದೆ ಮಾತು ಬೆಳೆಸದೆ ನಾನೂ ನಂಬಿಬಿಟ್ಟೆ.

ಇನ್ನೊಬ್ಬರ ಜಾಗಕ್ಕೆ ಬಂದು ನಿಲ್ಲುವುದು ಅವರಿಗೆ ‘ನೈವ್ಸ್ ಔಟ್’ನಲ್ಲೂ ಆಯಿತು. ಆ ಸೆಕ್ಯುರಿಟಿ ಮುದುಕನ ಪಾತ್ರ ರಿಕಿ ಜೇ ಮಾಡಬೇಕಿತ್ತು. 2018ರಲ್ಲಿ ಅವರು ತೀರಿಕೊಂಡರು, ವಾಲ್ಶ್ ಬಂದರು.

ಕಡೇಬೆಂಚು:

‘ನೈವ್ಸ್ ಔಟ್’ ಅಂದಕೂಡಲೇ ಆ ನೋಟಿನ ಕಥೆ ನೆನಪಾಯಿತು. ವಾಲ್ಶ್ ತೀರಿಕೊಂಡಾಗ ನಿರ್ದೇಶಕ ರಯನ್ ಜಾನ್ಸನ್ ಬರೆದದ್ದು. ಸೆಟ್ಟಿಗೆ ವಾಲ್ಶ್ ಎರಡು ವಸ್ತು ಹಿಡಿದುಕೊಂಡು ಬಂದರಂತೆ. ಒಂದು, ತಾವು ಮಾಡಿದ ಸಿನಿಮಾಗಳ ಪಟ್ಟಿ. ಒಂದೇ ಹಾಳೆ, ಸಣ್ಣ ಅಕ್ಷರ, ಎರಡು ಕಾಲಂ, ತುಂಬಿ ತುಳುಕುತ್ತಿದೆ. ಇನ್ನೊಂದು, 2 ಡಾಲರ್ ನೋಟುಗಳ ಕಟ್ಟು. ಅಮೆರಿಕದಲ್ಲಿ ಆ ನೋಟು ಚಲಾವಣೆಯಲ್ಲಿದ್ದರೂ ಕೈಗೆ ಸಿಗುವುದು ಕಡಿಮೆ. ಸೆಟ್ಟಲ್ಲಿದ್ದ ತಂಡಕ್ಕೆಲ್ಲ ಹಂಚಿದರು. ಇದನ್ನು ಖರ್ಚು ಮಾಡಬೇಡ, ನಿನ್ನ ಕೈ ಯಾವತ್ತೂ ಬರಿದಾಗುವುದಿಲ್ಲ, ಅಂದರಂತೆ.

ಎಂಬತ್ತು ದಾಟಿದ ನಟ ಲೈಟ್ ಹಿಡಿಯುವ ಹುಡುಗನಿಗೂ ನೋಟು ಕೊಡುತ್ತಾ ಹೋಗುವುದನ್ನು ಊಹಿಸಿಕೊಳ್ಳಿ. ಜೊತೆಗೆ ಆ ಪಟ್ಟಿ ತಂದಿದ್ದೂ ನನಗೆ ಇಷ್ಟ. ನಾನು ಯಾರು ಅಂತ ಗೊತ್ತಿಲ್ವಾ, ತಗೋ ಓದಿಕೋ, ಅಂತ!

ಬಲಗಿವಿ:

2024ರ ಮಾರ್ಚ್ 19ರಂದು ಹೋದರು. ಇನ್ನು ಮೂರು ದಿನ ಕಳೆದಿದ್ದರೆ 89 ತುಂಬುತ್ತಿತ್ತು. ವರ್ಮಾಂಟ್‌ನ ಸೇಂಟ್ ಆಲ್ಬನ್ಸ್‌ನಲ್ಲಿ. ಬೆಳೆದ ಸ್ವಾಂಟನ್ ಅಲ್ಲೇ ಪಕ್ಕ.

ಭಾನುವಾರದ ಮ್ಯಾಟಿನಿ:

ಎಲ್ಲರಿಗೂ ಥ್ಯಾಂಕ್ಸ್. ‘ಬ್ಲಡ್ ಸಿಂಪಲ್’ ನೋಡಿ ಮುಗಿಸಿದೆ. ಅಬ್ಬಾ! ಕೈಗೆ ಚಾಕು ನೆಟ್ಟು ಕಿಟಕಿಗೆ ಸಿಕ್ಕಿಕೊಳ್ಳುವ ದೃಶ್ಯದಲ್ಲಿ ನಾನು ಕಾಲು ಮಡಚಿಕೊಂಡು ಸೋಫಾ ಮೇಲೆ ಹತ್ತಿ ಕೂತಿದ್ದೆ. ಗೋಡೆಗೆ ಗುಂಡು ಹೊಡೆದು, ಆ ತೂತುಗಳಿಂದ ಬೆಳಕು ಕೋಲು ಕೋಲಾಗಿ ಬರುತ್ತದಲ್ಲ, ಅದನ್ನು ಮರೆಯೋಕಾಗೋಲ್ಲ.

ಒಂದು ಪ್ರಶ್ನೆ ಉಳಿದಿದೆ. ನೋಡದವರು ಇಲ್ಲಿಗೆ ನಿಲ್ಲಿಸಿ, ಕ್ಲೈಮ್ಯಾಕ್ಸ್ ವಿಷಯ ಬರುತ್ತದೆ. ಕೊನೆಗೆ ಗುಂಡು ತಿಂದು ಬಾತ್‌ರೂಮಿನ ನೆಲದ ಮೇಲೆ ಬಿದ್ದಿರುವಾಗ ವಿಸರ್ ನಗುವುದು ಯಾಕೆ?

ಬಲಗಿವಿ:

ಬಾಗಿಲ ಆಚೆ ಇರುವ ಆಬಿ, ಅಂದ್ರೆ ಫ್ರಾನ್ಸಿಸ್ ಮೆಕ್‌ಡಾರ್ಮಂಡ್ (ಆಕೆಗೂ ಅದೇ ಮೊದಲ ಸಿನಿಮಾ), ಒಳಗಿರುವವನು ತನ್ನ ಗಂಡ ಮಾರ್ಟಿ ಅಂದುಕೊಂಡಿದ್ದಾಳೆ. ನಿನಗೆ ಹೆದರಲ್ಲ ಮಾರ್ಟಿ ಅಂತ ಕೂಗುತ್ತಾಳೆ. ಆ ಮಾರ್ಟಿಗೆ ಗುಂಡು ಹೊಡೆದವನೇ ವಿಸರ್. ಇಷ್ಟು ಹೊತ್ತು ಯಾರ ಜೊತೆ ಹೊಡೆದಾಡಿದೆ ಅಂತಲೇ ಆಕೆಗೆ ಗೊತ್ತಿಲ್ಲ! ಇಡೀ ಸಿನಿಮಾದಲ್ಲಿ ಯಾರಿಗೂ ಪೂರ್ತಿ ಕಥೆ ಗೊತ್ತಿಲ್ಲ. ಒಬ್ಬ ಇನ್ನೊಬ್ಬನನ್ನು ಅಪಾರ್ಥ ಮಾಡಿಕೊಂಡೇ ಎಲ್ಲ ಹಾಳಾಗಿದ್ದು. ಆ ಕ್ಷಣದಲ್ಲಿ ಜೋಕು ಅರ್ಥವಾಗಿದ್ದು ಇವನೊಬ್ಬನಿಗೆ. ಆಕೆಯ ಮುಖ ಕಾಣುತ್ತಿಲ್ಲ, ಬರೀ ದನಿ. ಅಷ್ಟರಲ್ಲೇ ಆಕೆ ತಿಳಿದುಕೊಂಡಿರುವುದೇನು ಅಂತ ಪೂರ್ತಿ ಹೊಳೆದುಬಿಡುತ್ತದೆ, ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಆಮೇಲೆ ಕಣ್ಣು ಮೇಲೆ ಹೋಗುತ್ತದೆ. ಸಿಂಕಿನ ತಳದ ಪೈಪು, ಅದರಲ್ಲಿ ಕಟ್ಟುತ್ತಿರುವ ಒಂದು ಹನಿ ನೀರು. ಆ ಹನಿ ಮುಖದ ಮೇಲೆ ಬಿದ್ದೀತು ಅನ್ನುವ ಕಿರಿಕಿರಿ ನೋಡಿ ಅವನ ಮುಖದಲ್ಲಿ. ನೊಣಕ್ಕೆ ಕದಲದವನು!

ಟೇಪ್ ರೆಕಾರ್ಡರ್, ಇದಕ್ಕೇನಂತೀರಾ?

ಟೇಪ್ ರೆಕಾರ್ಡರ್:

ಅಲ್ಲಿ ಗೆದ್ದಿರಿ ಬಿಡಿ. ಅಲ್ಲಿ ಮಾತ್ರ.

ಕಡೇಬೆಂಚು:

ಮ್ಯಾಟಿನಿ ಅವರೇ, ಮುಂದಿನದಕ್ಕೆ ‘ಸ್ಟ್ರೈಟ್ ಟೈಮ್’, ಅದಾದ ಮೇಲೆ ‘ಕ್ಲೀನ್ ಅಂಡ್ ಸೋಬರ್’ ನೋಡಿ. ತಲೆ ಬಿಸಿಯಾದರೆ ‘ಫ್ಲೆಚ್’ ಹಾಕಿ, ವಾಲ್ಶ್ ಅದರಲ್ಲಿ ಡಾಕ್ಟರು. ಚೆವಿ ಚೇಸ್‌ನನ್ನು ಪರೀಕ್ಷೆ ಮಾಡುವ ದೃಶ್ಯ ಒಂದಿದೆ, ಮನೆಯಲ್ಲಿ ಹಿರಿಯರು ಇಲ್ಲದಾಗ ನೋಡುವುದು ವಾಸಿ.

‘ಬ್ಲೇಡ್ ರನ್ನರ್’ ಮತ್ತೆ ನೋಡುವುದಾದರೆ ಲೆಕ್ಕ ಇಟ್ಟುಕೊಳ್ಳಿ. 1982ರ ಪ್ರತಿಯಲ್ಲಿ ವಾಲ್ಶ್ ಹೇಳುವ ಪ್ರಕಾರ ತಪ್ಪಿಸಿಕೊಂಡು ಬಂದ ರೆಪ್ಲಿಕಂಟ್‌ಗಳು (ಮನುಷ್ಯರ ಹಾಗೇ ಕಾಣುವ ಕೃತಕ ಜೀವಿಗಳು) ಆರು, ಸತ್ತಿದ್ದು ಒಂದು. ಉಳಿಯಬೇಕಾದ್ದು ಐದು, ಸಿನಿಮಾದಲ್ಲಿ ಕಾಣುವುದು ನಾಲ್ಕು. ಇನ್ನೊಂದರ ಪಾತ್ರವನ್ನು ಕೈಬಿಟ್ಟಿದ್ದರು, ಡೈಲಾಗ್ ಹಾಗೇ ಉಳಿಯಿತು. ಆ ಐದನೆಯದು ಹ್ಯಾರಿಸನ್ ಫೋರ್ಡ್ ಪಾತ್ರವೇ ಇರಬೇಕು ಅಂತ ಅಭಿಮಾನಿಗಳು ವರ್ಷಗಟ್ಟಲೆ ಕಿತ್ತಾಡಿದರು. 2007ರಲ್ಲಿ ಬಂದ ‘ಫೈನಲ್ ಕಟ್’ ಅನ್ನುವ ಪ್ರತಿಯಲ್ಲಿ ಸತ್ತಿದ್ದು ಎರಡು ಅಂತ ಸರಿ ಮಾಡಿದರು. ನಿಮಗೆ ಸಿಕ್ಕಿದ್ದು ಯಾವ ಪ್ರತಿ ಅಂತ ನೋಡಿ ಹೇಳಿ.

ಭಾನುವಾರದ ಮ್ಯಾಟಿನಿ:

ಈಗಷ್ಟೇ ಆ ದೃಶ್ಯ ಹಾಕಿ ಕೇಳಿದೆ. ಎರಡು ಅಂದರು. ಫೈನಲ್ ಕಟ್ಟೇ.